ಅಫಿಡವಿಟ್‌ನಲ್ಲಿ ನಿಲುವು ಸಿಗುವುದಿಲ್ಲ

ಸುರತ್ಕಲ್‌ನಲ್ಲಿ ಮೊದಲ ಸಲ ಮತ ಹಾಕುವವರು ನೀವು. ನೀರು, ಆಸ್ಪತ್ರೆ, ಹೆದ್ದಾರಿ ಬಗ್ಗೆ ಅಭ್ಯರ್ಥಿಯ ನಿಲುವು ಎಲ್ಲಿ ಸಿಗುತ್ತದೆ ಅಂತ ಕೇಳಿದ್ದೀರಿ. ನಾಮಪತ್ರದ ಜೊತೆ ಅಭ್ಯರ್ಥಿ ಕೊಡುವ ಅಫಿಡವಿಟ್‌ನಲ್ಲಿ ಇರುವುದು ಆಸ್ತಿ, ಸಾಲ, ಕೇಸು, ಓದು ಇಂಥವು. ಈಗಿನ ಶಾಸಕರೇ ನಿಂತಿದ್ದರೆ ವಿಧಾನಸಭೆಯ ವೆಬ್‌ಸೈಟ್‌ನಲ್ಲಿ ಅವರು ಕೇಳಿದ ಪ್ರಶ್ನೆಗಳನ್ನು ನೋಡಿ. ಭಾಷಣಕ್ಕಿಂತ ನಾನು ಅದನ್ನೇ ಜಾಸ್ತಿ ನಂಬುತ್ತೇನೆ.

ಹೊಸಬರಾದರೆ ಮನೆಗೆ ಬಂದಾಗ ನೇರವಾಗಿ ಕೇಳಿ. ಸುಮ್ನೆ ‘ಅಭಿವೃದ್ಧಿ ಮಾಡ್ತೀರಾ’ ಅಂತ ಅಲ್ಲ. ಬೇಸಿಗೆಯಲ್ಲಿ, ಮಂಗಳೂರಿಗೆ ಕುಡಿಯುವ ನೀರು ಕೊಡುವ ತುಂಬೆ ಅಣೆಕಟ್ಟಿನಲ್ಲಿ ನೀರು ಇಳಿದರೆ ಏನು ದಾರಿ? ಮಂಗಳೂರಿನಲ್ಲಿ ಖಾಸಗಿ ಮೆಡಿಕಲ್ ಕಾಲೇಜು ಅಷ್ಟಿವೆ, ಸರ್ಕಾರಿ ಮೆಡಿಕಲ್ ಕಾಲೇಜು ತರಲು ಏನು ಮಾಡುತ್ತಾರೆ? ರಾಷ್ಟ್ರೀಯ ಹೆದ್ದಾರಿ ಕೇಂದ್ರದ ಕೈಯಲ್ಲಿದೆ, ನಿಜ. ಆದರೂ ಸುರತ್ಕಲ್ ಟೋಲ್ 2022ರ ಡಿಸೆಂಬರ್‌ನಲ್ಲಿ ನಿಂತದ್ದು ಜನ ಬೀದಿಗಿಳಿದ ಮೇಲೆ ಅಲ್ವಾ? ಆಗ ನೀವು ಎಲ್ಲಿದ್ದಿರಿ ಅಂತ ಅವರನ್ನು ಕೇಳಲೇಬೇಕು.