ಹನ್ನೊಂದು ಅವಧಿಗಳಲ್ಲಿ ಏಳನ್ನು ಹೊಡೆದುಹಾಕಿ

ಓದುಗರ ಪತ್ರ: “40 ಗಣಿತ ಶಿಕ್ಷಕರಿಗೆ 2 ದಿನಗಳ ಕಾರ್ಯಾಗಾರ ನಡೆಸುವ ಹೊಣೆ ನನ್ನ ಮೇಲೆ ಬಿದ್ದಿದೆ. ವಿಷಯ ದಶಮಾಂಶ. 11 ಅವಧಿಗಳ ವೇಳಾಪಟ್ಟಿಯನ್ನು ಇದರೊಂದಿಗೆ ಇಟ್ಟಿದ್ದೇನೆ. ಸಂಪನ್ಮೂಲ ವ್ಯಕ್ತಿಗಳು ನಾನು ಮತ್ತು ಇನ್ನೊಬ್ಬರು, ಇಬ್ಬರೇ. ಮಧ್ಯಾಹ್ನದ ಮೇಲೆ ಯಾರೂ ತೂಕಡಿಸದಂತೆ ನಾಲ್ಕಾರು ಆಟಗಳನ್ನು ತಿಳಿಸುವಿರಾ?” – ಒಬ್ಬ ಮುಖ್ಯೋಪಾಧ್ಯಾಯಿನಿ

ಸಂಪಾದಕರ ಉತ್ತರ:

ಮಾನ್ಯರೇ,

ನಿಮ್ಮ ವೇಳಾಪಟ್ಟಿಯನ್ನು ಎರಡು ಸಲ ಓದಿದೆ. ಮೊದಲನೆಯ ಅವಧಿಯೇ ‘ಗಣಿತದ ಮಹತ್ವ’. ಕೇಳಿಸಿಕೊಳ್ಳಬೇಕಾದವರು ಗಣಿತ ಶಿಕ್ಷಕರು! ತೂಕಡಿಕೆ ಅಲ್ಲಿಂದಲೇ ಶುರುವಾಗುತ್ತದೆ. ಆಟ ಆಡಿಸಿದರೆ ಅದು ಹತ್ತು ನಿಮಿಷ ಮುಂದಕ್ಕೆ ಹೋಗಬಹುದು, ಅಷ್ಟೇ.

ಪತ್ರಿಕೆಗೆ ಬರುವ ಮೊದಲು ನಾನೂ ಶಿಕ್ಷಕರ ತರಬೇತಿಯಲ್ಲಿ ದುಡಿದವನು. ಒಂದು ಶಿಬಿರ ಮುಗಿದಾಗ ಹಿಮ್ಮಾಹಿತಿ ನಮೂನೆಗಳಲ್ಲೆಲ್ಲ ‘ಅತ್ಯುತ್ತಮ’ ಎಂದೇ ಇತ್ತು. ಮೂರು ತಿಂಗಳ ಮೇಲೆ ಬೇರೇನೋ ಕೆಲಸಕ್ಕೆಂದು ಒಂದು ಶಾಲೆಗೆ ಹೋದೆ. ನಮ್ಮ ಶಿಬಿರದಲ್ಲಿ ಮುಂದಿನ ಸಾಲಿನಲ್ಲಿ ಕುಳಿತು ಉತ್ಸಾಹದಿಂದ ಬರೆದುಕೊಂಡಿದ್ದವರ ತರಗತಿ ಅದು. ಪಾಠ ಹಳೆಯ ಧಾಟಿಯಲ್ಲೇ ಸಾಗಿತ್ತು. ನಾವು ಕೊಟ್ಟ ಸಾಮಗ್ರಿ ಬೀರುವಿನ ಮೇಲೆ, ಕಟ್ಟು ಬಿಚ್ಚದೆ, ಧೂಳು ಹಿಡಿದಿತ್ತು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗಿತ್ತು ನಮ್ಮ ಶ್ರಮ. ತಪ್ಪು ಅವರದ್ದಲ್ಲ. ನಾವು ಅವರಿಗೆ ಮಾಹಿತಿ ಕೊಟ್ಟಿದ್ದೆವು, ಕೈಗೆ ಅಭ್ಯಾಸ ಕೊಟ್ಟಿರಲಿಲ್ಲ. ಅಮೆರಿಕದ ಪ್ರಾಧ್ಯಾಪಕ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲೇ ತರಬೇತಿಯನ್ನು ಅಳೆಯಲು ನಾಲ್ಕು ಮೆಟ್ಟಿಲು ಹೇಳಿದ್ದರು: ಹಿಡಿಸಿತೇ, ಕಲಿತರೇ, ಕೆಲಸದಲ್ಲಿ ಬಳಸಿದರೇ, ಫಲ ಸಿಕ್ಕಿತೇ. ನಾವು ಮೊದಲ ಮೆಟ್ಟಿಲ ಮೇಲೆ ನಿಂತು ಬೀಗಿದ್ದೆವು.

ಆದ್ದರಿಂದ ವೇಳಾಪಟ್ಟಿಯನ್ನು ಬದಿಗಿಟ್ಟು, ಕಾರ್ಯಾಗಾರ ಮುಗಿದ ಮರುವಾರ ಈ ಶಿಕ್ಷಕರು ತರಗತಿಯಲ್ಲಿ ಯಾವ ಒಂದು ಕೆಲಸವನ್ನು ಬೇರೆ ರೀತಿಯಲ್ಲಿ ಮಾಡಬೇಕು ಎಂಬುದನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ‘ದಶಮಾಂಶದ ಪರಿಕಲ್ಪನೆಯನ್ನು ಸ್ಪಷ್ಟಪಡಿಸಿಕೊಳ್ಳುವುದು’ ಎಂದು ಬರೆದರೆ ಒಪ್ಪುವುದಿಲ್ಲ. ಅದು ಕಣ್ಣಿಗೆ ಕಾಣುವ ಕೆಲಸವಲ್ಲ. ‘ಮಗುವಿನ ಉತ್ತರದ ಹಿಂದಿನ ತರ್ಕವನ್ನು ಹೊರಗೆಳೆಯುವ ಲೆಕ್ಕ ಕೊಟ್ಟು, ಕಾರಣ ಕೇಳುವುದು’ ಎಂದರೆ ಕಾಣುತ್ತದೆ.

ಯಾಕೆ ಹೀಗೆನ್ನುತ್ತೇನೆಂದರೆ, ನಿಮ್ಮ ವಿಷಯ ಅದಕ್ಕೆ ಹೇಳಿ ಮಾಡಿಸಿದಂತಿದೆ. 0.35 ಮತ್ತು 0.5ರಲ್ಲಿ ಯಾವುದು ದೊಡ್ಡದು ಎಂದರೆ ಅನೇಕ ಮಕ್ಕಳು 0.35 ಎನ್ನುತ್ತಾರೆ, 5ಕ್ಕಿಂತ 35 ದೊಡ್ಡದಲ್ಲವೇ! ಇದು ಎಲ್ಲ ಶಿಕ್ಷಕರಿಗೂ ಗೊತ್ತಿರುವ ತಪ್ಪು. ಸರಿ ಉತ್ತರ ಕೊಟ್ಟ ಮಗುವಿನ ಬಗ್ಗೆ ಯಾರೂ ಯೋಚಿಸುವುದಿಲ್ಲ. ‘ಹತ್ತನೆಯ ಒಂದು ಭಾಗ ನೂರನೆಯ ಒಂದು ಭಾಗಕ್ಕಿಂತ ದೊಡ್ಡದು, ಹಾಗಾಗಿ ಬಿಂದುವಿನ ನಂತರ ಅಂಕಿ ಕಡಿಮೆಯಿದ್ದಷ್ಟೂ ಸಂಖ್ಯೆ ದೊಡ್ಡದು’ ಎಂದುಕೊಂಡ ಮಗುವೂ 0.5 ಎಂದೇ ಬರೆಯುತ್ತದೆ. ಗುರುಗಳು ಸರಿ ಗುರುತು ಹಾಕಿ ಮುಂದೆ ಹೋಗುತ್ತಾರೆ. ಅದೇ ಮಗುವಿಗೆ 0.5 ಮತ್ತು 0.62 ಕೊಟ್ಟು ನೋಡಿ, 0.5 ದೊಡ್ಡದು ಎಂದು ಸಿಕ್ಕಿಬೀಳುತ್ತದೆ. ಕಾರ್ಯಾಗಾರವನ್ನು ಈ ಎರಡು ಲೆಕ್ಕಗಳಿಂದಲೇ ಆರಂಭಿಸಿ. ಮಕ್ಕಳ ನಿಜವಾದ ಉತ್ತರಗಳಿರುವ ನೋಟ್‌ಬುಕ್ ಪುಟಗಳನ್ನು, ಹೆಸರು ಮುಚ್ಚಿ, ನಕಲು ತೆಗೆದು ಹಂಚಿ. ಪ್ರತಿ ಮಗು ಹೇಗೆ ಯೋಚಿಸಿರಬಹುದು ಎಂದು ಶಿಕ್ಷಕರು ವಾದ ಮಾಡಲಿ. ಆಗ ಯಾರಾದರೂ ತೂಕಡಿಸಿದರೆ ನನಗೆ ಬರೆಯಿರಿ.

ಹೀಗೆ ನೋಡಿದರೆ ನಿಮಗೆ ಬೇಕಾದದ್ದು ನಾಲ್ಕೇ ದೀರ್ಘ ಅವಧಿಗಳು, ದಿನಕ್ಕೆ ಎರಡು. ಅಮೆರಿಕದ ಶಿಕ್ಷಣ ಸಂಶೋಧಕರಾದ ಬ್ರೂಸ್ ಜಾಯ್ಸ್ ಮತ್ತು ಬೆವರ್ಲಿ ಶವರ್ಸ್ 1980ರಲ್ಲಿ ಶಿಕ್ಷಕರ ತರಬೇತಿಯ ಅಂಗಗಳನ್ನು ಬಿಡಿಸಿ ಹೇಳಿದರು: ತಿಳಿಸುವುದು, ಮಾಡಿ ತೋರಿಸುವುದು, ಮಾಡಿಸುವುದು, ಮಾಡಿದ್ದರ ಬಗ್ಗೆ ಹೇಳುವುದು, ತರಗತಿಯಲ್ಲಿ ಜೊತೆಗಿದ್ದು ನೆರವಾಗುವುದು. ನಿಮ್ಮ 11 ಅವಧಿಗಳಲ್ಲಿ ಒಂಬತ್ತು ‘ತಿಳಿಸುವುದು’. ಮಾಡಿಸುವುದಕ್ಕೆ ಎರಡನೆಯ ದಿನ ಸಂಜೆ ಅರ್ಧ ಗಂಟೆ!

ಮಾಡಿಸುವುದಕ್ಕೆ ಎಷ್ಟು ಹೊತ್ತು ಬೇಕೆಂದು ಲೆಕ್ಕ ಹಾಕೋಣ. 40 ಜನರನ್ನು 8ರಂತೆ ಐದು ಗುಂಪು ಮಾಡಿ. ಒಬ್ಬೊಬ್ಬರು 10 ನಿಮಿಷ ಪಾಠ ಮಾಡಬೇಕು, ಉಳಿದವರು ಮಕ್ಕಳಂತೆ ಕುಳಿತು ಕೇಳಿ, ಆಮೇಲೆ 5 ನಿಮಿಷ ಅದರ ಬಗ್ಗೆ ಮಾತನಾಡಬೇಕು. ಎಂಟು ಜನರಿಗೆ 120 ನಿಮಿಷ. ಒಂದು ಇಡೀ ಅವಧಿ ಹೋಯಿತು, ಹೋಗಲಿ ಬಿಡಿ. ಐದು ಗುಂಪಿಗೆ ನೀವಿಬ್ಬರೇ ಸಾಲುವುದಿಲ್ಲ, ಆದ್ದರಿಂದ ಪ್ರತಿ ಪಾಠಕ್ಕೂ ಗುಂಪಿನಲ್ಲೊಬ್ಬರ ಕೈಗೆ ಒಂದು ಚೀಟಿ ಕೊಡಿ: ಮಗು ಎಲ್ಲಿ ಯೋಚಿಸಿತು? ಶಿಕ್ಷಕರು ಎಲ್ಲಿ ಉತ್ತರವನ್ನು ತಾವೇ ಹೇಳಿಬಿಟ್ಟರು? ಕಾರಣ ಕೇಳಿದರೇ? ಮೂರೇ ಪ್ರಶ್ನೆ. ‘ಧ್ವನಿ ಚೆನ್ನಾಗಿತ್ತು, ಕಪ್ಪುಹಲಗೆಯ ಬರವಣಿಗೆ ಸುಂದರ’ ಎಂಬ ಉಪಚಾರದ ಮಾತುಗಳಿಗೆ ಅದರಲ್ಲಿ ಜಾಗವಿರಬಾರದು. ಮತ್ತೆ, ಎಲ್ಲರ ಮುಂದೆ ಮೊದಲ ಪಾಠ ನೀವೇ ಮಾಡಿ, ಸ್ವಲ್ಪ ಎಡವಿಯೇ ಮಾಡಿ. ಸಂಪನ್ಮೂಲ ವ್ಯಕ್ತಿ ತಪ್ಪಿದ್ದನ್ನು ಕಂಡ ಮೇಲೆ ಉಳಿದವರ ಅಂಜಿಕೆ ಕರಗುತ್ತದೆ.

ಗುಂಪು ಚಟುವಟಿಕೆಯ ನಂತರ ಪ್ರತಿ ಗುಂಪೂ ವೇದಿಕೆಗೆ ಬಂದು ‘ಮಂಡಿಸುವ’ ಪದ್ಧತಿಯನ್ನು ದಯವಿಟ್ಟು ಬಿಡಿ. ನಾಲ್ಕನೆಯ ಗುಂಪಿನ ಹೊತ್ತಿಗೆ ಕೇಳುವವರು ಉಳಿದಿರುವುದಿಲ್ಲ. ಹಾಳೆಗಳನ್ನು ಗೋಡೆಗೆ ಅಂಟಿಸಿ, ಎಲ್ಲರೂ ಓಡಾಡಿ ಓದಲಿ, ಪೆನ್ಸಿಲ್‌ನಲ್ಲಿ ಪ್ರಶ್ನೆ ಬರೆಯಲಿ. ಹದಿನೈದು ನಿಮಿಷ ಸಾಕು.

ಕೊನೆಯ ಸಾಲಿನಲ್ಲಿ ಕೈಕಟ್ಟಿ ಕುಳಿತ ಹಿರಿಯರೊಬ್ಬರು ‘ನನ್ನ ತರಗತಿಯಲ್ಲಿ 60 ಮಕ್ಕಳಿದ್ದಾರೆ, ಇದೆಲ್ಲ ನಡೆಯುವುದಿಲ್ಲ’ ಎಂದೇ ಎನ್ನುತ್ತಾರೆ. ಅವರನ್ನು ಒಪ್ಪಿಸಲು ಹೋಗಬೇಡಿ. ಅವರ ಮಾತನ್ನು ಹಲಗೆಯ ಮೇಲೆ ಬರೆದು, ‘60 ಮಕ್ಕಳಿದ್ದಾಗ ಇದನ್ನು ಹೇಗೆ ಮಾಡುವುದು?’ ಎಂದು ಗುಂಪುಗಳಿಗೆ ಒಪ್ಪಿಸಿ. ಅವರು ಎತ್ತಿದ ತೊಡಕು ನಿಜವಾದದ್ದು. ಅಮೆರಿಕದ ಇನ್ನೊಬ್ಬ ಶಿಕ್ಷಣ ಸಂಶೋಧಕ ತಾಮಸ್ ಗಸ್ಕಿ 1986ರಲ್ಲಿ ವಾದಿಸಿದ್ದು ಇದಕ್ಕೆ ಹೊಂದುತ್ತದೆ: ಶಿಕ್ಷಕರ ನಂಬಿಕೆ ಉಪನ್ಯಾಸದಿಂದ ಬದಲಾಗುವುದಿಲ್ಲ, ತಮ್ಮ ಮಕ್ಕಳು ಮೊದಲಿಗಿಂತ ಚೆನ್ನಾಗಿ ಕಲಿತದ್ದನ್ನು ಕಂಡ ಮೇಲೆ ಬದಲಾಗುತ್ತದೆ. ಆ ಹಿರಿಯರು ಒಂದು ಸಲ ಮಾಡಿ ನೋಡಲು ಒಪ್ಪಿದರೆ ನಿಮ್ಮ ಎರಡು ದಿನ ಸಾರ್ಥಕ.

ಅವರು ಮಾಡಿ ನೋಡಿದರೇ ಎಂದು ತಿಳಿಯುವುದು ಹೇಗೆ? ಎರಡು ದಿನಗಳಲ್ಲಿ ಅರ್ಧ ದಿನವನ್ನು ಕಡಿದು, ಐದಾರು ವಾರಗಳ ನಂತರಕ್ಕೆ ಇಡಲು ನಿಮ್ಮ ಮೇಲಧಿಕಾರಿಗಳನ್ನು ಕೇಳಿ. ಆ ದಿನಾಂಕ ಮೊದಲ ಆಹ್ವಾನ ಪತ್ರದಲ್ಲೇ ಇರಲಿ. ಬರುವಾಗ ಪ್ರತಿಯೊಬ್ಬರೂ ತಮ್ಮ ತರಗತಿಯ ಮೂರು ಮಕ್ಕಳ ನೋಟ್‌ಬುಕ್ ತರಬೇಕು: ಒಬ್ಬರದು ಚೆನ್ನಾಗಿ ಕಲಿತದ್ದು, ಒಬ್ಬರದು ಅರ್ಧಂಬರ್ಧ, ಇನ್ನೊಬ್ಬರದು ಏನೂ ಆಗದೆ ಉಳಿದದ್ದು. ಅರ್ಧ ದಿನವೂ ಅವುಗಳ ಬಗ್ಗೆಯೇ ಮಾತು. ಪ್ರಮಾಣಪತ್ರಗಳನ್ನು ಎರಡನೆಯ ದಿನ ಹಂಚಬೇಡಿ, ನೋಟ್‌ಬುಕ್ ತಂದವರಿಗೆ ಆ ದಿನ ಕೊಡಿ. ಕೆಲವರು ಗೊಣಗುತ್ತಾರೆ. ನನ್ನ ಹೆಸರು ಹೇಳಿಬಿಡಿ.