ಸೇವೆಗೆ ಹೊರಟ ಸಹೋದರ ಮತ್ತು ಅವರು ಹೇಳದೆ ಬಿಟ್ಟ ವಿಷಯ

ಆ ಸಹೋದರ ಮತ್ತು ಅವರ ಹೆಂಡತಿ ಇಬ್ಬರೂ ಒಪ್ಪಿದ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ.

ವಯಸ್ಸು ಮೂವತ್ತರ ಆಸುಪಾಸು, ಒಂದು ಮಗುವಿದೆ. ಕಂಪನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ. ಚರ್ಚಿನ ಸಭೆಯಲ್ಲಿ ಯುವಕರ ಕೂಟ ನಡೆಸುತ್ತಿದ್ದರು. ನನ್ನ ಹತ್ತಿರ ಬಂದಾಗ ಸಲಹೆ ಕೇಳುವುದಕ್ಕಿಂತ ತೀರ್ಮಾನ ತಿಳಿಸಲು ಬಂದಂತಿತ್ತು. "ಅಣ್ಣ, ರಾಜೀನಾಮೆ ಕೊಟ್ಟು ಪೂರ್ಣಾವಧಿ ದೇವರ ಸೇವೆಗೆ ಇಳಿಯುತ್ತೇನೆ. ಇಕ್ಕಟ್ಟಾದ ಬಾಗಿಲಿನಿಂದ ಹೋಗಿ ಅಂತ ಯೇಸು ಸ್ವಾಮಿ ಹೇಳಿದ್ದಾರಲ್ಲ, ನಾನು ಇಷ್ಟು ದಿನ ಅಗಲವಾದ ದಾರಿಯಲ್ಲೇ ಇದ್ದೆ" ಎಂದರು. ಹೆಂಡತಿ ಏನಂತಾರೆ ಅಂತ ಕೇಳಿದೆ. ಇನ್ನೂ ಹೇಳಿಲ್ಲವಂತೆ. ಎಲ್ಲ ನಿಶ್ಚಯವಾದ ಮೇಲೆ ಹೇಳಿದರಾಯಿತು ಎಂದರು.

ಸೇವೆಯ ಕರೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳುವವನಲ್ಲ. ಆದರೆ ಅವರ ಮಾತಿನಲ್ಲಿ ಹೋಗುವ ಜಾಗಕ್ಕಿಂತ ಬಿಡುವ ಜಾಗದ ಸುದ್ದಿಯೇ ಜಾಸ್ತಿ ಇತ್ತು. ಹಾಗಾಗಿ ಕೇಳಿದೆ: "ಕೆಲಸ ಬಿಟ್ಟ ಮರುದಿನ ಯಾವುದು ತಪ್ಪಿತು ಅಂತ ನಿಮಗೆ ಹೆಚ್ಚು ನೆಮ್ಮದಿ ಆಗುತ್ತದೆ?"

ತುಂಬಾ ಹೊತ್ತು ಸುಮ್ಮನಿದ್ದು, "ಸಹಿ ಹಾಕೋದು" ಎಂದರು.

ಆಮೇಲೆ ಒಂದೊಂದಾಗಿ ಹೊರಬಂತು. ಮೇಲಧಿಕಾರಿ ಕೊಡುವ ಸುಳ್ಳು ಬಿಲ್‌ಗಳಿಗೆ ಇವರ ಸಹಿ ಬೇಕು. ಮೊದಮೊದಲು ಗೊತ್ತಿಲ್ಲದೆ ಹಾಕಿದರು, ಗೊತ್ತಾದ ಮೇಲೆ ಹೆದರಿ ಹಾಕಿದರು. ನಡುವೆ ಒಂದಿಷ್ಟು ದುಡ್ಡೂ ಇವರ ಕೈಗೆ ಬಂತು, ಅದು ಮನೆಯ ಸಾಲಕ್ಕೆ ಹೋಯಿತು. ಭಾನುವಾರ ಯುವಕರ ಮುಂದೆ ನಿಂತು ವಾಕ್ಯ ಹೇಳಬೇಕು, ಸೋಮವಾರ ಮತ್ತೆ ಸಹಿ. ಇದನ್ನು ತಾಳಲಾರದೆ, ಎಲ್ಲವನ್ನೂ ಬಿಟ್ಟು ಸೇವೆಗೆ ಹೋದರೆ ದೇವರ ಜೊತೆ ಲೆಕ್ಕ ಸರಿಹೋಗುತ್ತದೆ ಅಂದುಕೊಂಡಿದ್ದರು. ಅವರ ಪ್ರಾರ್ಥನೆ ಸುಳ್ಳಾಗಿರಲಿಲ್ಲ. ಹೆದರಿಕೆಯೂ ಭಕ್ತಿಯೂ ಒಂದರೊಳಗೊಂದು ಸೇರಿಹೋಗಿದ್ದವು, ಅಷ್ಟೇ.

ನಾವು ಬೈಬಲಿನಲ್ಲಿ ಮಾರ್ಕನ ಸುವಾರ್ತೆಯ 5ನೇ ಅಧ್ಯಾಯ ತೆಗೆದು ಓದಿದೆವು. ದೆವ್ವ ಹಿಡಿದು ಸಮಾಧಿಗಳ ನಡುವೆ ಇದ್ದ ಆ ಮನುಷ್ಯ, ಯೇಸು ವಾಸಿ ಮಾಡಿದ ಮೇಲೆ, ಯೇಸುವಿನ ಜೊತೆಗೇ ಬರುತ್ತೇನೆ ಅಂತ ಬೇಡಿಕೊಳ್ಳುತ್ತಾನೆ. ದೋಣಿ ಎದುರಿಗೇ ಇದೆ. ಶಿಷ್ಯನಾಗಬೇಕು ಅನ್ನುವುದಕ್ಕಿಂತ ಒಳ್ಳೆಯ ಆಸೆ ಇನ್ನೇನಿದೆ? ಆದರೂ ಯೇಸು ಒಪ್ಪುವುದಿಲ್ಲ, ಮನೆಗೆ ಹೋಗಿ ನಿನ್ನವರಿಗೆ ಹೇಳು ಅನ್ನುತ್ತಾರೆ. ತಾನು ಬಟ್ಟೆಯಿಲ್ಲದೆ ಕೂಗಾಡಿಕೊಂಡು ತಿರುಗಿದ್ದನ್ನು ಕಣ್ಣಾರೆ ಕಂಡ ಜನರ ಮಧ್ಯೆಯೇ ಅವನು ಮತ್ತೆ ಬದುಕಬೇಕಿತ್ತು. ದೋಣಿ ಹತ್ತುವುದು ಅದಕ್ಕಿಂತ ಸುಲಭವಾಗಿತ್ತು ಅಂತ ನನಗನ್ನಿಸುತ್ತದೆ.

ಅವರು ಹಿಟ್ಲರ್‌ನನ್ನು ಎದುರಿಸಿದ ಜರ್ಮನ್ ಪಾಸ್ಟರ್ ಬಾನ್‌ಹಾಫರ್ ಹೆಸರು ತೆಗೆದರು. 1939ರಲ್ಲಿ ಅಮೆರಿಕದಲ್ಲಿ ಸುರಕ್ಷಿತವಾಗಿ ಉಳಿಯಬಹುದಿತ್ತು, ಆದರೂ ಜರ್ಮನಿಗೆ ಹಿಂತಿರುಗಿದರಲ್ಲ, ಕೊನೆಗೆ 1945ರ ಏಪ್ರಿಲ್‌ನಲ್ಲಿ ನಾಜಿಗಳು ಅವರನ್ನು ಗಲ್ಲಿಗೇರಿಸಿದರಲ್ಲ ಎಂದರು. ಹೌದು. ಆದರೆ ಅವರು ಹೋದದ್ದು ತಮ್ಮವರ ಕಷ್ಟ ಇದ್ದ ಕಡೆಗೆ. ನೀವು ಹೊರಟಿರುವುದು ಯಾವ ಕಡೆಗೆ ಅಂತ ಕೇಳಿದೆ.

ನಾನು ಕೊಟ್ಟ ಸಲಹೆ ಇಷ್ಟು. ಮೊದಲು ಹೆಂಡತಿಗೆ ಹೇಳಿ, ಪಾಸ್ಟರ್‌ಗಿಂತಲೂ ಮುಂಚೆ, ಪ್ರಾರ್ಥನಾ ಗುಂಪಿಗಿಂತಲೂ ಮುಂಚೆ, ಏಕೆಂದರೆ ಇದರ ಬೆಲೆ ನಿಮ್ಮಷ್ಟೇ ಅವರೂ ತೆರಬೇಕಾಗುತ್ತದೆ. ಗೋಪುರ ಕಟ್ಟುವವನು ಮೊದಲು ಕೂತು ಖರ್ಚಿನ ಲೆಕ್ಕ ಹಾಕಬೇಕು ಅಂತ ಲೂಕ 14ರಲ್ಲಿ ಹೇಳಿರುವಾಗ ಆ ಲೆಕ್ಕಕ್ಕೆ ಹೆಂಡತಿಯನ್ನು ಕೂರಿಸಿಕೊಳ್ಳದಿದ್ದರೆ ಹೇಗೆ? ಎರಡನೆಯದು, ಮುಂದಿನ ಬಿಲ್‌ಗೆ ಸಹಿ ಹಾಕಬೇಡಿ. ಹಿಂದಿನ ಬಿಲ್‌ಗಳ ಬಗ್ಗೆ ಕಂಪನಿಗೆ ಬಾಯಿಬಿಡುವ ಮೊದಲು ವಕೀಲರನ್ನು ಕಾಣಿ. ಅದು ನಂಬಿಕೆ ಕಡಿಮೆ ಅನ್ನುವುದರ ಗುರುತಲ್ಲ. ನಿಮ್ಮ ಕೈಗೆ ಬಂದ ದುಡ್ಡನ್ನು ಹಿಂತಿರುಗಿಸಿ. ತೆಗೆದುಕೊಂಡದ್ದರ ಜೊತೆಗೆ ಐದನೇ ಒಂದು ಭಾಗ ಸೇರಿಸಿ ಕೊಡಬೇಕೆಂದು ಯಾಜಕಕಾಂಡ 6ರಲ್ಲಿದೆ, ಯೇಸುವನ್ನು ಕಂಡ ಸುಂಕದವನಾದ ಜಕ್ಕಾಯನಂತೂ ನಾಲ್ಕರಷ್ಟು ಕೊಡುತ್ತೇನೆಂದ. ಸೇವೆಯ ವಿಷಯವನ್ನು ಇದೆಲ್ಲ ತೀರುವವರೆಗೆ ಪಕ್ಕಕ್ಕಿಡಿ. ನಿಜವಾದ ಕರೆಯಾದರೆ ಅದು ಕಾಯುತ್ತದೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಕಷ್ಟವಾದದ್ದೆಲ್ಲ ದೇವರ ದಾರಿಯಲ್ಲ. ಗಂಡನ ಹೊಡೆತ ತಿನ್ನುತ್ತಾ "ಇದು ನನ್ನ ಶಿಲುಬೆ" ಅನ್ನುವ ಸಹೋದರಿಯರೂ ನನ್ನ ಹತ್ತಿರ ಬರುತ್ತಾರೆ. ಅವರಿಗೆ ನಾನು ಸಹಿಸಿಕೊಳ್ಳಿ ಅನ್ನುವುದಿಲ್ಲ. ಒಂದು ಊರಲ್ಲಿ ಹಿಂಸಿಸಿದರೆ ಇನ್ನೊಂದಕ್ಕೆ ಓಡಿಹೋಗಿ ಅಂತ ಯೇಸುವೇ ಹೇಳಿದ್ದಾರೆ, ಕೊಲ್ಲಲು ಕಾದಿದ್ದವರಿಂದ ಅಪೊಸ್ತಲ ಪೌಲನನ್ನು ದಮಸ್ಕದ ಗೋಡೆಯಿಂದ ಬುಟ್ಟಿಯಲ್ಲಿ ಇಳಿಸಿ ಪಾರು ಮಾಡಿದರು. ಶಿಲುಬೆಗೆ ಹೋಗುವ ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ ಯೇಸು ಕೂಡ ಈ ಪಾತ್ರೆ, ಅಂದರೆ ಮುಂದಿದ್ದ ಆ ಕಷ್ಟ, ಸಾಧ್ಯವಾದರೆ ದಾಟಿಹೋಗಲಿ ಅಂತಲೇ ಬೇಡಿದರು, ಅಲ್ವಾ? ಆದ್ದರಿಂದ ಯಾವುದು ಹೆಚ್ಚು ನೋವು ಕೊಡುತ್ತದೆ ಅಂತ ನೋಡಬೇಡಿ. ತಂದೆ ಕೇಳುತ್ತಿರುವುದು ಏನು, ನಾನು ಅದರಿಂದ ತಪ್ಪಿಸಿಕೊಳ್ಳುತ್ತಿದ್ದೇನಾ, ಇದನ್ನು ನೋಡಿ.

ಅವರು ಹೆಂಡತಿಗೆ ಹೇಳಿದರು. ಆಕೆಗೆ ದುಡ್ಡಿನ ವಿಷಯಕ್ಕಿಂತ ಇಷ್ಟು ದಿನ ಮುಚ್ಚಿಟ್ಟದ್ದಕ್ಕೆ ಹೆಚ್ಚು ಸಿಟ್ಟು ಬಂತು. ಸಹಿ ಹಾಕಲ್ಲ ಅಂದದ್ದಕ್ಕೆ ಆಫೀಸಿನಲ್ಲಿ ಬೇರೆ ವಿಭಾಗಕ್ಕೆ ತಳ್ಳಿದರು, ಬಡ್ತಿ ಕೈತಪ್ಪಿತು. ಯುವಕರ ಕೂಟದ ಜವಾಬ್ದಾರಿಯನ್ನು ಸದ್ಯಕ್ಕೆ ಅವರಾಗಿಯೇ ಬಿಟ್ಟುಕೊಟ್ಟಿದ್ದಾರೆ. ವಕೀಲರು ಹೇಳಿದ ಕ್ರಮದಲ್ಲೇ ಕಂಪನಿಗೆ ವಿಷಯ ತಿಳಿಸಿ ದುಡ್ಡನ್ನು ಕಂತಿನಲ್ಲಿ ಹಿಂತಿರುಗಿಸುತ್ತಿದ್ದಾರೆ. ಈಗ ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಬರುತ್ತಾರೆ. ಸೇವೆಯ ಆಸೆ ಹೋಗಿಲ್ಲ. ಕಳೆದ ಸಲ ಆ ಮಾತು ಎತ್ತಿದವರು ಅವರ ಹೆಂಡತಿ.