ಬೇಸಿಗೆಯಲ್ಲೇ ಮುಗಿಸಿಬಿಡೋಣ ಅಂದ ಇತಿಹಾಸ

(ಹೆಸರು ಮತ್ತು ಗುರುತಿನ ವಿವರಗಳನ್ನು ಬದಲಿಸಿದೆ.)

ವಿಕಾಸ್‌ಗೆ 16 ವರ್ಷ. ಕ್ಯಾಲಿಫೋರ್ನಿಯಾದಲ್ಲಿ ಹತ್ತನೇ ತರಗತಿ ಮುಗಿಸಿದ್ದ. ಅಪ್ಪ ಅಮ್ಮ ದಾವಣಗೆರೆ ಕಡೆಯವರು. ಹನ್ನೊಂದನೇ ತರಗತಿಯ ಅಮೆರಿಕ ಇತಿಹಾಸವನ್ನು ಬೇಸಿಗೆಯಲ್ಲೇ ಕಮ್ಯೂನಿಟಿ ಕಾಲೇಜಿನಲ್ಲಿ (ಎರಡು ವರ್ಷದ ಸರ್ಕಾರಿ ಕಾಲೇಜು) ಮುಗಿಸಿದರೆ ಆ ಜಾಗಕ್ಕೆ ಎಪಿ ಫಿಸಿಕ್ಸ್ (ಹೈಸ್ಕೂಲಿನಲ್ಲೇ ಕಲಿಸುವ ಕಾಲೇಜು ಮಟ್ಟದ ಭೌತಶಾಸ್ತ್ರ) ಹಾಕಿಕೊಳ್ಳಬಹುದು ಅನ್ನೋದು ಅಪ್ಪನ ಲೆಕ್ಕ. "ಹಿಸ್ಟರಿ ತಾನೆ ಮೇಡಂ, ಓದಿ ಬರೆದರಾಯ್ತು." ಹೈಸ್ಕೂಲ್ ಮಕ್ಕಳಿಗೆ ಅಲ್ಲಿ ಯೂನಿಟ್ (ಕೋರ್ಸಿನ ಗಾತ್ರದ ಅಳತೆ) ಲೆಕ್ಕದ ಶುಲ್ಕ ಸಾಮಾನ್ಯವಾಗಿ ಮಾಫಿ. ಪುಕ್ಕಟೆ ಸಿಗುವ ಕ್ರೆಡಿಟ್ ಯಾರು ಬಿಡ್ತಾರೆ ಹೇಳಿ?

ಅವರು ಓದಿನ ಬಗ್ಗೆ ಸಲಹೆ ಕೇಳಲು ನನ್ನ ಬಳಿ ಬಂದಾಗ ಕ್ಲಾಸಿನ ಎರಡನೇ ವಾರ. ಮೊದಲ ಪ್ರಬಂಧ 1923ರ ಭಗತ್ ಸಿಂಗ್ ಥಿಂಡ್ ಪ್ರಕರಣದ ಮೇಲೆ. ಅಮೆರಿಕದ ಸೈನ್ಯದಲ್ಲಿದ್ದ ಈ ಸಿಖ್‌ಗೆ, 'ಬಿಳಿಯನಲ್ಲ' ಎಂದು ಹೇಳಿ ಸುಪ್ರೀಂ ಕೋರ್ಟು ಪೌರತ್ವ ನಿರಾಕರಿಸಿತ್ತು. ವಿಕಾಸ್ ತೀರ್ಪಿನ ಸಾರಾಂಶವನ್ನು ನೀಟಾಗಿ ಬರೆದಿದ್ದ. ಆದರೆ ಕೋರ್ಟಿನ ವಾದ ಎಲ್ಲಿ ನಿಲ್ಲುತ್ತದೆ, ಎಲ್ಲಿ ಕುಸಿಯುತ್ತದೆ ಎಂದು ಮೂಲ ದಾಖಲೆ ಹಿಡಿದು ವಾದಿಸಬೇಕಿತ್ತು. ನೂರಕ್ಕೆ 62 ಬಂತು.

ಅಪ್ಪ ಪ್ರೊಫೆಸರ್‌ಗೆ ಮೇಲ್ ಹಾಕಿದರು. ವಿದ್ಯಾರ್ಥಿಯ ಒಪ್ಪಿಗೆ ಇಲ್ಲದೆ ಮಾತಾಡಲಾರೆ ಎಂದು ಉತ್ತರ ಬಂತು. ವಿದ್ಯಾರ್ಥಿಗಳ ದಾಖಲೆಗಳ ಗೋಪ್ಯತೆಯ 1974ರ ಅಮೆರಿಕದ ಕಾನೂನು ಹಾಗಿದೆ. ಕಾಲೇಜಿಗೆ ಸೇರಿದ ಮೇಲೆ, 18 ತುಂಬದಿದ್ದರೂ, ಆ ದಾಖಲೆಗಳ ಹಕ್ಕು ಮಗುವಿನದು. ಅಪ್ಪನಿಗೆ 62ಕ್ಕಿಂತ ಇದೇ ಜಾಸ್ತಿ ಚುಚ್ಚಿತ್ತು.

ಹುಡುಗ ಒಬ್ಬನೇ ಇದ್ದಾಗ ಅವನ ಜೊತೆ ಮಾತಾಡಿದೆ. "ಆ ಕೇಸ್ ನಂಗೆ ಇಷ್ಟ ಆಯ್ತು ಆಂಟಿ. ಓದೋಕೆ ಟೈಮೇ ಇಲ್ಲ." ಬೆಳಿಗ್ಗೆ ಎಸ್ಎಟಿ (ಕಾಲೇಜು ಪ್ರವೇಶ ಪರೀಕ್ಷೆ) ಕೋಚಿಂಗ್, ಸಂಜೆ ಟೆನಿಸ್. ಮೂವರನ್ನೂ ಕೂರಿಸಿ ಕಾಗದದ ಮೇಲೆ ಲೆಕ್ಕ ಹಾಕಿದೆ. ಮೂರು ಯೂನಿಟ್ ಅಂದರೆ ಸುಮಾರು 54 ಗಂಟೆ ಪಾಠ. ಅದನ್ನು ಆರು ವಾರಕ್ಕೆ ತುರುಕಿದರೆ ವಾರಕ್ಕೆ 9 ಗಂಟೆ. ಓದು ಬರಹಕ್ಕೆ ಅದರ ಎರಡರಷ್ಟು. ಒಟ್ಟು 27. ಅಮ್ಮ ಕಾಗದವನ್ನು ಅಪ್ಪನ ಕಡೆ ತಳ್ಳಿದರು, ಏನೂ ಹೇಳಲಿಲ್ಲ.

ನಾನು ಹೇಳಿದ್ದು ಇಷ್ಟು. ಗುರುತೇ ಉಳಿಯದ ಹಾಗೆ ಕೋರ್ಸ್ ಬಿಡುವ ಗಡುವು ದಾಟಿದೆ. ಈಗ ಬಿಟ್ಟರೆ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ (ಕಾಲೇಜಿನ ಅಂಕಪಟ್ಟಿಯಲ್ಲಿ) 'ಡಬ್ಲ್ಯೂ', ಅಂದರೆ ನಡುವೆ ಬಿಟ್ಟ ಗುರುತು, ಬರುತ್ತದೆ. ಒಂದು ಡಬ್ಲ್ಯೂನಿಂದ ಆಕಾಶ ಬೀಳಲ್ಲ, ಡಿ ಗ್ರೇಡ್‌ಗಿಂತ ಅದು ವಾಸಿ. ಯಾಕಂದ್ರೆ ಈ ಗ್ರೇಡ್ ಕಾಲೇಜು ದಾಖಲೆಯಲ್ಲಿ ಶಾಶ್ವತ, ಮುಂದೆ ಅರ್ಜಿ ಹಾಕುವಾಗ ಮುಚ್ಚಿಡುವಂತಿಲ್ಲ. ಮುಂದುವರಿಸುವುದಾದರೆ ಕೋಚಿಂಗ್ ಅಥವಾ ಟೆನಿಸ್, ಎರಡರಲ್ಲಿ ಒಂದು ನಿಲ್ಲಬೇಕು. ಪ್ರೊಫೆಸರ್ ಆಫೀಸ್ ಅವರ್ಸ್‌ಗೆ (ವಿದ್ಯಾರ್ಥಿಗಳನ್ನು ಭೇಟಿಯಾಗಲು ಇಟ್ಟ ಸಮಯಕ್ಕೆ) ವಿಕಾಸ್ ಒಬ್ಬನೇ ಹೋಗಬೇಕು, ಆ 62ರ ಪ್ರಬಂಧ ಹಿಡಿದುಕೊಂಡು. ಅಪ್ಪ ಇನ್ನು ಮೇಲ್ ಹಾಕಕೂಡದು. ಏನಿದ್ದರೂ ಮಗನನ್ನೇ ಕೇಳಬೇಕು, ಅದೂ ವಾರಕ್ಕೊಮ್ಮೆ.

ಕೋಚಿಂಗ್ ನಿಂತಿತು. ಡ್ರಾಪ್ ಮಾಡಲ್ಲ ಅಂದದ್ದು ವಿಕಾಸನೇ. ಕೊನೆಗೆ ಬಿ ಬಂತು. "ಇದರಿಂದ ತೊಂದರೆ ಆಗುತ್ತಾ?" ಎಂದು ಅಪ್ಪ ಕೇಳಿದರು. ಪ್ರವೇಶ ಕೊಡುವವರು ನೋಡೇ ನೋಡ್ತಾರೆ, ಸುಮ್ನೆ ಸಮಾಧಾನ ಹೇಳಲಾರೆ ಎಂದೆ.

ಇಂಥ ಕೋರ್ಸ್ ಯೋಚಿಸುತ್ತಿರುವ ಮನೆಯವರಿಗೆ: ಹೈಸ್ಕೂಲಿನ ಕೌನ್ಸೆಲರ್ ಹತ್ತಿರ ಮೊದಲೇ ಬರಹದಲ್ಲಿ ಒಪ್ಪಿಗೆ ತಗೊಳ್ಳಿ. ಯುಸಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ವಿಶ್ವವಿದ್ಯಾಲಯಗಳು ತಮ್ಮಲ್ಲಿಗೆ ವರ್ಗಾವಣೆಗೆ ಅರ್ಹವಾದ ಇಂಥ ಕೋರ್ಸನ್ನು ಸಾಮಾನ್ಯವಾಗಿ ಮಾನ್ಯ ಮಾಡುತ್ತವೆ. ಆದರೆ ಹೈಸ್ಕೂಲ್ ಪಾಸಾಗಲು ಬಳಸಿಕೊಂಡ ಕೋರ್ಸಿಗೆ ಮತ್ತೆ ಕಾಲೇಜು ಕ್ರೆಡಿಟ್ ಕೊಡದ ಖಾಸಗಿ ವಿಶ್ವವಿದ್ಯಾಲಯಗಳು ಬಹಳ ಇವೆ.